ಖಾಲಿ ಕಳಿಸಬಾರದ ಪಾತ್ರೆ

ಫ್ರಿಜ್ಜಿನ ಬಾಗಿಲಿಗೆ ಆ ಹಾಳೆ ಅಂಟಿಸಿದವಳು ಆರ್ಡಿಸ್. ತೀರಿಹೋದ ಅಕ್ಕನ ಗಂಡ ವರ್ಲಿನ್‌ನ ಮನೆಗೆ ಹೇಳದೆ ಕೇಳದೆ ನುಗ್ಗಿ, ಒದ್ದೆ ಬೂಟು ಬಾಗಿಲಲ್ಲಿ ಕಳಚಿ, ನೆಟ್ಟಗೆ ಅಡುಗೆಮನೆಗೆ ಹೋದಳು. ಹಾಲಿನ ಡಬ್ಬಿಯ ತಾರೀಕು ನೋಡಿ ಮೂಗು ಮುರಿದಳು. ಆಮೇಲೆ ಕೈಚೀಲದಿಂದ ಹಾಳೆ ತೆಗೆದು ಅಯಸ್ಕಾಂತದ ಬಿಲ್ಲೆ ಇಟ್ಟು ಒತ್ತಿದಳು. ‘ದಿನಾ ಇಷ್ಟು ಮಾಡಿ, ಖುಷಿಯಾಗಿರಿ’ ಅಂತ ಮೇಲೆ ದಪ್ಪ ಅಕ್ಷರ, ಪಕ್ಕದಲ್ಲಿ ಹಲ್ಲು ಕಿರಿಯುವ ಸೂರ್ಯ. ಮಿನ್ನೆಸೋಟದ ಹೋಲ್ವಿಕ್‌ನಂಥ ಊರಿನಲ್ಲಿ ಫೆಬ್ರುವರಿ ತಿಂಗಳಲ್ಲಿ ಸೂರ್ಯನ ಚಿತ್ರ ತೋರಿಸುವುದೇ ಒಂದು ಕುಚೋದ್ಯ.

“ಏನಿದು?” ಅಂದ ವರ್ಲಿನ್.

“ಔಷಧಿ. ಲೈಬ್ರರಿಯಲ್ಲಿ ಪುಕ್ಕಟೆ ಕೊಡ್ತಿದ್ರು.”

“ನನಗೇನಾಗಿದೆ?”

“ಏನೂ ಆಗಿಲ್ಲ. ಅದೇ ಕಣೋ ಕಾಯಿಲೆ. ನವೆಂಬರಿಂದ ನಿನಗೆ ಏನೂ ಆಗ್ತಾನೇ ಇಲ್ಲ.”

ವರ್ಲಿನ್‌ಗೆ ಐವತ್ತೊಂಬತ್ತು ವರ್ಷ. ಮೂವತ್ತೊಂದು ಚಳಿಗಾಲದಿಂದ ಕೌಂಟಿಯ ಹಿಮ ಸರಿಸುವ ಲಾರಿ ಓಡಿಸುತ್ತಿದ್ದಾನೆ. ಮೊದಲೂ ಮಾತಿನ ಮಲ್ಲನೇನಲ್ಲ, ಆದರೆ ಮನೆಯಲ್ಲಿ ಹೆಂಡತಿ ಮಾರ್ಲಿಸ್ ಇಬ್ಬರ ಪಾಲಿನದನ್ನೂ ತಾನೇ ಆಡುತ್ತಿದ್ದಳಾದ್ದರಿಂದ ಯಾರಿಗೂ ಕೊರತೆ ಕಾಣುತ್ತಿರಲಿಲ್ಲ. ಅವಳಿಗೆ ಆಗಸ್ಟಿನಲ್ಲಿ ಕಾಯಿಲೆ ಗೊತ್ತಾಯಿತು, ನವೆಂಬರಿನ ಮೊದಲ ವಾರ ಹೋದಳು. ಅಲ್ಲಿಂದ ವರ್ಲಿನ್ ಬೆಳಿಗ್ಗೆ ಲಾರಿ ಹತ್ತುವುದು, ಸಂಜೆ ಇಳಿಯುವುದು, ಟೀವಿ ಮುಂದೆ ಕುರ್ಚಿಯಲ್ಲೇ ನಿದ್ದೆ ಹೋಗುವುದು, ಇಷ್ಟೇ. ನೋಡಿದವರಿಗೆ ಗಟ್ಟಿಯಾಗಿದ್ದಾನೆ ಅನ್ನಿಸುತ್ತಿತ್ತು. ನಮ್ಮ ಕಡೆ ಯಾರಾದರೂ ಅಲುಗಾಡದೆ ಕೂತಿದ್ದರೆ ಅವರನ್ನು ಗಟ್ಟಿ ಅನ್ನುವುದು ವಾಡಿಕೆ.

ಹಾಳೆಯಲ್ಲಿ ಇದ್ದದ್ದು ದೊಡ್ಡ ಸಂಗತಿಗಳೇನಲ್ಲ. ದಿನಾ ಇಪ್ಪತ್ತು ನಿಮಿಷ ಹೊರಗೆ ನಡೆಯಿರಿ, ಯಾರಿಗಾದರೂ ಒಂದು ಸಣ್ಣ ಉಪಕಾರ ಮಾಡಿ, ಹಾಸಿಗೆಯಲ್ಲೇ ಮಲಗಿ, ದಿನದ ಕೊನೆಗೆ ಅವತ್ತಿನ ಮೂರು ಒಳ್ಳೆಯ ಸಂಗತಿ ಬರೆಯಿರಿ. ‘ದಿನಕ್ಕೊಬ್ಬರ ಜೊತೆ ಮಾತಾಡಿ’ ಅಂತ ಇದ್ದಲ್ಲಿ ಆರ್ಡಿಸ್ ಪೆನ್ನಿನಲ್ಲಿ ‘ಹವಾಮಾನ ಬಿಟ್ಟು’ ಅಂತ ಸೇರಿಸಿದ್ದಳು. ಅದನ್ನು ಓದಿದಾಗಲೇ ವರ್ಲಿನ್‌ಗೆ ಇದು ಆಗುವ ಹೋಗುವ ಮಾತಲ್ಲ ಅನ್ನಿಸಿತು. ಹವಾಮಾನ ಬಿಟ್ಟರೆ ಹೋಲ್ವಿಕ್‌ನಲ್ಲಿ ಇನ್ನೇನಿದೆ ಮಾತಾಡಲಿಕ್ಕೆ?

ಒಂದು ವಾರ ಕಳೆದು ಬಂದು ಆರ್ಡಿಸ್ ಅವನು ಮೂರು ಸಂಗತಿ ಬರೆದಿಡುವ ಪುಸ್ತಕ ಪರೀಕ್ಷೆ ಮಾಡಿದಳು. ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬಡಿಸುವವಳು, ಅವಳ ಕಣ್ಣು ತಪ್ಪಿಸುವುದು ಸುಲಭವಲ್ಲ. ಸೋಮವಾರದ ಹೆಸರಿನಲ್ಲಿ ಅವನು ಬರೆದಿದ್ದು: ‘ಲಾರಿ ಸ್ಟಾರ್ಟ್ ಆಯಿತು. ಕಾಫಿ ಇತ್ತು. ಆರ್ಡಿಸ್ ಫೋನ್ ಮಾಡಲಿಲ್ಲ.’ ಮಂಗಳವಾರದಿಂದ ಭಾನುವಾರದವರೆಗೆ ‘ಮೇಲಿನಂತೆ.’

ಆರ್ಡಿಸ್ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು, ಆಮೇಲೆ ಅವನಿಗೆ ಒಂದಿಷ್ಟು ಬೈದಳು. ಬಟ್ಟೆ ಒಗೆಯುವ ಸೋಪು ಹುಡುಕಿಕೊಂಡು ನೆಲಮಾಳಿಗೆಗೆ ಇಳಿದವಳು ಅಲ್ಲಿಂದಲೇ ಕೂಗಿದಳು.

ವಾಷಿಂಗ್ ಮೆಷಿನ್ನಿನ ಮೇಲೆ, ಫ್ರೀಜರಿನ ಮೇಲೆ, ಇಸ್ತ್ರಿ ಮಣೆಯ ಮೇಲೆ ಗಾಜಿನ ಪಾತ್ರೆಗಳು ಒಂದರ ಮೇಲೊಂದು ಕೂತಿದ್ದವು. ಒಟ್ಟು ಹದಿನೇಳು. ಮಾರ್ಲಿಸ್ ತೀರಿಕೊಂಡ ವಾರ ಊರವರು ಹಾಟ್‌ಡಿಶ್ ತುಂಬಿ ತಂದ ಪಾತ್ರೆಗಳು. ಕೆಳಗೆ ಕೊಚ್ಚಿದ ಮಾಂಸ, ನಡುವೆ ಅಣಬೆ ಸೂಪು, ಮೇಲೆ ಸಾಲಾಗಿ ಆಲೂಗೆಡ್ಡೆಯ ಪುಟ್ಟ ಉಂಡೆ. ಹೋಲ್ವಿಕ್‌ನಲ್ಲಿ ಮಗು ಹುಟ್ಟಿದರೂ ಅದೇ, ಮನುಷ್ಯ ಸತ್ತರೂ ಅದೇ. ಪಾತ್ರೆ ಯಾರದು ಅಂತ ತಿಳಿಯಲಿ ಎಂದು ತಳಕ್ಕೆ ಬಿಳಿ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ. ವರ್ಲಿನ್ ಎಲ್ಲವನ್ನೂ ತಿಂದು ಮುಗಿಸಿ, ತಿಕ್ಕಿ ತೊಳೆದು, ಒರೆಸಿ ಇಟ್ಟಿದ್ದ. ವಾಪಸು ಮಾತ್ರ ಕೊಟ್ಟಿರಲಿಲ್ಲ. ಪಾತ್ರೆಯನ್ನು ಖಾಲಿ ಕಳಿಸುವ ಹಾಗಿಲ್ಲ, ಏನಾದರೂ ಹಾಕಿಯೇ ಕೊಡಬೇಕು. ಹಾಕುವುದಕ್ಕೆ ಅವನಿಗೆ ಏನು ಮಾಡಲಿಕ್ಕೆ ಬರುತ್ತಿತ್ತು? ಮೊಟ್ಟೆ ಬೇಯಿಸುವುದು ಒಂದು. ಇವತ್ತು ನಾಳೆ ಅನ್ನುತ್ತಾ ನಾಲ್ಕು ತಿಂಗಳಾಗಿ, ಈಗ ಮುಖ ತೋರಿಸುವುದೇ ಕಷ್ಟವಾಗಿತ್ತು.

“ಈಸ್ಟರ್ ಮುಂಚಿನ ಬುಧವಾರದ ಊಟಗಳಿಗೆ ಚರ್ಚಿನಲ್ಲಿ ಎಲ್ಲರೂ ತಗಡಿನ ತಟ್ಟೆಯಲ್ಲಿ ಬೇಯಿಸಿ ತರ್ತಿದಾರೆ,” ಅಂದಳು ಆರ್ಡಿಸ್. “ಯಾಕೆ ಅಂತ ಯಾರೂ ಬಾಯಿ ಬಿಡಲ್ಲ. ಇಡೀ ಊರಿನ ಪಾತ್ರೆ ನಿನ್ನ ನೆಲಮಾಳಿಗೇಲಿ ಕೂತಿದೆ ಮಾರಾಯ.”

“ಯಾರಾದ್ರೂ ಕೇಳಬಹುದಿತ್ತಲ್ಲ.”

“ಕೇಳ್ತಾರಾ? ಯಾವೂರಲ್ಲಿದೀಯಾ ನೀನು?”

ದಿನಕ್ಕೊಂದು ಪಾತ್ರೆ ನಡೆದುಕೊಂಡು ಹೋಗಿ ಕೊಡು, ಹಾಳೆಯಲ್ಲಿರುವ ನಡಿಗೆ, ಮಾತು, ಉಪಕಾರ ಮೂರೂ ಒಟ್ಟಿಗೆ ಆಗುತ್ತವೆ ಎಂದು ಅವಳು ಅಪ್ಪಣೆ ಮಾಡಿ ಹೋದಳು. ವರ್ಲಿನ್ ಹೂಂ ಅಂದ, ಮಾಡುವ ಮನಸ್ಸೇನೂ ಇರಲಿಲ್ಲ. ಆದರೆ ಅವಳು ಹೋದ ಮೇಲೆ ಪಾತ್ರೆಗಳನ್ನು ಎಣಿಸಿ ಜೋಡಿಸುವಾಗ ಅವನಿಗೆ ಒಂದು ವಿಷಯ ಹೊಳೆದು ಕೈ ನಿಂತಿತು. ಮಾರ್ಲಿಸಳ ಸ್ವಂತ ಪಾತ್ರೆ ಎಲ್ಲಿ?

ಅಂಚಿನಲ್ಲಿ ನೀಲಿ ಹೂವಿದ್ದ ಬಿಳಿ ಪಾತ್ರೆ, ಒಂದು ಮೂಲೆ ಚೂರು ಒಡೆದದ್ದು. ಮದುವೆಯಾದಾಗಿನಿಂದ ಪ್ರತಿ ಗುರುವಾರ ಆ ಪಾತ್ರೆಯಲ್ಲೇ ಅವಳ ಹಾಟ್‌ಡಿಶ್. ಅವನಿಗೆ ತಳ ಸ್ವಲ್ಪ ಹಿಡಿದರೆ ಇಷ್ಟ ಅಂತ ಐದು ನಿಮಿಷ ಹೆಚ್ಚು ಬೇಯಿಸುತ್ತಿದ್ದಳು, ಬೇಯಿಸಿ ‘ಅಯ್ಯೋ, ಇವತ್ತೂ ಹಿಡಿದುಬಿಡ್ತು’ ಅಂತ ನಾಟಕ ಮಾಡುತ್ತಿದ್ದಳು. ತಳದ ಟೇಪಿನ ಮೇಲೆ ಅವಳ ದುಂಡು ಅಕ್ಷರ. ವರ್ಲಿನ್ ಕಪಾಟುಗಳನ್ನೆಲ್ಲ ತೆಗೆದು ನೋಡಿದ, ಗ್ಯಾರೇಜಿನಲ್ಲೂ ನೋಡಿದ. ಇಲ್ಲ. ಅಂದರೆ ಅವಳು ಕೊನೆಯ ತಿಂಗಳುಗಳಲ್ಲಿ ಯಾರಿಗೋ ಏನೋ ಮಾಡಿಕೊಟ್ಟಿದ್ದಾಳೆ, ಪಾತ್ರೆ ಅಲ್ಲೇ ಉಳಿದಿದೆ. ಮೂಲೆ ಒಡೆದಿದೆ ಅಂತ ಯಾರಾದರೂ ಕಸಕ್ಕೆ ಹಾಕಿದ್ದರೆ? ಅವಳ ಕೋಟು, ಕನ್ನಡಕ, ಚಪ್ಪಲಿಗಳನ್ನು ಆರ್ಡಿಸ್ ಒಯ್ದಾಗ ಅವನು ಅಡ್ಡ ಬಂದಿರಲಿಲ್ಲ. ಆ ಪಾತ್ರೆ ಅವನಿಗೆ ಬೇಕೇ ಬೇಕಿತ್ತು.

ಕೇಳಲಿಕ್ಕೆ ದಾರಿಯಿರಲಿಲ್ಲ. ‘ಸತ್ತವಳ ಪಾತ್ರೆ ನಿಮ್ಮಲ್ಲಿದೆಯಾ’ ಅಂತ ಯಾರನ್ನಾದರೂ ಕೇಳುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ಅದೂ ಊರಿನ ಹದಿನೇಳು ಪಾತ್ರೆ ಮನೆಯಲ್ಲಿಟ್ಟುಕೊಂಡವನು ಯಾವ ಬಾಯಲ್ಲಿ ಕೇಳುತ್ತಾನೆ? ಆದರೆ ಪಾತ್ರೆ ಕೊಡುವ ನೆಪದಲ್ಲಿ ಒಬ್ಬೊಬ್ಬರ ಅಡುಗೆಮನೆಯಲ್ಲಿ ಕೂತು ಕಣ್ಣಾಡಿಸಬಹುದು. ಹೀಗೆ ಹಾಳೆಯ ಮಾತು ಕೇಳಿ ಅಲ್ಲ, ಗೂಢಚಾರಿಕೆಗೆಂದು ವರ್ಲಿನ್ ಹೊರಟ.

ಮಾರ್ಲಿಸಳ ಅಡುಗೆ ಚೀಟಿಗಳ ಡಬ್ಬಿಯಿಂದ ಅತಿ ಚಿಕ್ಕ ಚೀಟಿ ಹುಡುಕಿ ತೆಗೆದ. ಓಟ್ಸು, ಬೆಣ್ಣೆ, ಕಂದು ಸಕ್ಕರೆ, ಚಾಕೊಲೇಟು ಹಾಕಿ ತಟ್ಟಿ ಬೇಯಿಸಿ ಕತ್ತರಿಸುವ ಸಿಹಿ ಬಿಲ್ಲೆ. ಮೊದಲ ಸಲದ್ದು ಕತ್ತರಿಸಲಿಕ್ಕೆ ಗ್ಯಾರೇಜಿನಿಂದ ಉಳಿ ತರಬೇಕಾಯಿತು. ಆದರೂ ಅದನ್ನೇ ತುಂಬಿಕೊಂಡು ಎಂಬತ್ತೆರಡರ ಓಪಲ್ ಅಜ್ಜಿಯ ಮನೆಗೆ ನಡೆದ.

ಓಪಲ್ ಕಾಫಿ ಕುಡಿಯುತ್ತೀಯಾ ಅಂದಳು. ಬೇಡ, ತೊಂದರೆ ತೊಗೋಬೇಡಿ ಅಂದ. ಮಾಡಿಟ್ಟದ್ದೇ ಇದೆ ಅಂದಳು. ಬೇಡ, ಹೊರಟೆ ಅಂದ. ಅರ್ಧ ಲೋಟ ಅಂದಳು. ಮೂರನೇ ಸಲ ಕೇಳಿದ್ದರಿಂದ ಊರಿನ ರೂಢಿಯಂತೆ ಈಗ ಕೂರಬಹುದಾಗಿತ್ತು, ಕೂತ. ಅವಳು ಬಿಲ್ಲೆಯೊಂದನ್ನು ಕಾಫಿಯಲ್ಲಿ ಮುಳುಗಿಸಿ ಹಾಗೇ ಬಿಟ್ಟು, ಅದು ಮೆತ್ತಗಾಗುವುದನ್ನು ಕಾಯುತ್ತಾ ಹೊರಗೆ ಚಳಿ ಜಾಸ್ತಿ ಅಂದಳು. ವರ್ಲಿನ್ ಹೌದು ಅನ್ನಲು ಬಾಯಿ ತೆರೆದವನು ಆರ್ಡಿಸಳ ಪೆನ್ನಿನ ಬರಹ ನೆನಪಾಗಿ ತಡೆದ. ಕೊನೆಗೆ, “ನಿಮ್ಮ ಮೊಣಕಾಲು ಹೇಗಿದೆ?” ಅಂದ.

ಮೊಣಕಾಲಿನ ಕಥೆ ಮುಕ್ಕಾಲು ಗಂಟೆ ನಡೆಯಿತು. ಅಷ್ಟರಲ್ಲಿ ಅವನು ಅವಳ ಕಪಾಟು, ಕಿಟಕಿ ಕಟ್ಟೆ, ಫ್ರಿಜ್ಜಿನ ತಲೆ ಎಲ್ಲ ನೋಡಿಯಾಗಿತ್ತು. ನೀಲಿ ಹೂವಿನ ಪಾತ್ರೆ ಇರಲಿಲ್ಲ. ಬಾಗಿಲಲ್ಲಿ ನಿಂತು ಇನ್ನೂ ಕಾಲು ಗಂಟೆ ಬೀಳ್ಕೊಟ್ಟ ಮೇಲೆ ಅಜ್ಜಿ ಅವನ ತೋಳು ಹಿಡಿದು, ಮಾರ್ಲಿಸ್ ತನ್ನ ಕಾಲಿನ ಉಗುರು ಕತ್ತರಿಸಿಕೊಡುತ್ತಿದ್ದಳು, ಯಾರಿಗೂ ಹೇಳಬೇಡ ಅಂದಿದ್ದಳು ಎಂದಳು. ವರ್ಲಿನ್‌ಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ನಡೆದ. ಅವತ್ತು ಪುಸ್ತಕದಲ್ಲಿ ಮೊದಲ ಸಲ ಲಾರಿ ಬರಲಿಲ್ಲ: ‘ಓಪಲ್ ಅಜ್ಜಿಯ ಉಗುರು.’

ಹೀಗೆ ದಿನಕ್ಕೊಂದು ಮನೆ. ಐದನೇ ಪಾತ್ರೆಯ ಹೊತ್ತಿಗೆ ಬಿಲ್ಲೆಗೆ ಉಳಿ ಬೇಕಾಗಲಿಲ್ಲ. ಒಂಬತ್ತನೆಯದಕ್ಕೆ ಚಾಕೊಲೇಟು ಮೇಲೆ ಉಪ್ಪು ಉದುರಿಸುವುದನ್ನು ತಾನೇ ಕಂಡುಹಿಡಿದು ಹೆಮ್ಮೆಪಟ್ಟುಕೊಂಡ. ಪ್ರತಿ ಮನೆಯಲ್ಲೂ ಮೂರನೇ ಸಲಕ್ಕೆ ಕೂರುತ್ತಿದ್ದ, ಕಣ್ಣಾಡಿಸುತ್ತಿದ್ದ, ಪಾತ್ರೆ ಕಾಣದೆ ಏಳುತ್ತಿದ್ದ. ನಡೆದು ದಣಿದದ್ದಕ್ಕೋ ಏನೋ ಕುರ್ಚಿ ಬಿಟ್ಟು ಹಾಸಿಗೆಯಲ್ಲಿ ನಿದ್ದೆ ಬರತೊಡಗಿತು. ಒಂದು ದಿನ ಬೂಟು ಹಾಕುವಾಗ ತಾನು ಸಿಳ್ಳೆ ಹಾಕುತ್ತಿದ್ದೇನೆ ಅಂತ ಗೊತ್ತಾಗಿ, ಯಾರಾದರೂ ನೋಡಿದರೇ ಅನ್ನುವಂತೆ ಸುತ್ತ ನೋಡಿ ನಿಲ್ಲಿಸಿದ. ಪುಸ್ತಕದಲ್ಲಿ ಮೂರರ ಜಾಗದಲ್ಲಿ ಕೆಲವು ದಿನ ಐದಾಗುತ್ತಿತ್ತು. ಆರ್ಡಿಸ್ ಕೇಳಿದರೆ ಮಾತ್ರ ಹಾಳೆ ದಂಡ, ಏನೂ ಉಪಯೋಗವಿಲ್ಲ ಅನ್ನುತ್ತಿದ್ದ.

ಹದಿನೇಳನೆಯ ಪಾತ್ರೆ ಪಾದ್ರಿಯ ಮನೆಯದು. ಅಲ್ಲೂ ಇರಲಿಲ್ಲ. ಮಾರ್ಚ್ ಇಪ್ಪತ್ತರ ಸಂಜೆ ವರ್ಲಿನ್ ಖಾಲಿಯಾದ ಇಸ್ತ್ರಿ ಮಣೆಯ ಮುಂದೆ ನಿಂತ. ಊರೆಲ್ಲ ಆಯಿತು, ಪಾತ್ರೆ ಕಸಕ್ಕೇ ಹೋಗಿರಬೇಕು ಅನ್ನಿಸಿತು. ಫೋನಿನಲ್ಲಿ ಆರ್ಡಿಸಳಿಗೆ ಆ ಪಾತ್ರೆ ಹುಡುಕುತ್ತಿರುವ ನಿಜ ಮೊದಲ ಸಲ ಹೇಳಿದ.

“ಒಂದು ಮನೆ ಬಿಟ್ಟಿದೀಯಲ್ಲ,” ಅಂದಳು ಆರ್ಡಿಸ್.

“ಅವನೇನೂ ತಂದಿರಲಿಲ್ಲ. ವಾಪಸ್ ಕೊಡೋಕೆ ಅವನ ಪಾತ್ರೆ ನನ್ನಲ್ಲಿಲ್ಲ.”

“ಅದಕ್ಕೇ ಹೇಳ್ತಿರೋದು.”

ಅವಳು ಹೇಳಿದ್ದು ಡ್ವೇನ್ ಮನೆ. ಇನ್ನೂರು ಗಜ ದೂರ, ನಡುವೆ ಬರಿಯ ಬಯಲು. ಮದುವೆಯಾಗದ ಒಂಟಿ ಮನುಷ್ಯ, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಇಪ್ಪತ್ತಾರು ವರ್ಷದ ನೆರೆ. ಅಷ್ಟು ಹತ್ತಿರದವನು ಮಾರ್ಲಿಸ್ ಹೋದಾಗ ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತು ಊಟಕ್ಕೂ ಇರದೆ ಹೊರಟುಹೋಗಿದ್ದ, ಮನೆಗೆ ಬಂದಿರಲಿಲ್ಲ, ಒಂದು ತುತ್ತು ತಂದಿರಲಿಲ್ಲ. ವರ್ಲಿನ್ ಅದನ್ನು ಯಾರ ಹತ್ತಿರವೂ ಆಡಲಿಲ್ಲ, ಒಳಗೇ ಇಟ್ಟುಕೊಂಡ. ರಸ್ತೆಯಲ್ಲಿ ಎದುರಾದಾಗ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುವುದು ನಮ್ಮ ಕಡೆಯ ನಮಸ್ಕಾರ. ಡ್ವೇನ್ ಎತ್ತುತ್ತಿದ್ದ, ವರ್ಲಿನ್ ಎತ್ತುವುದು ನಿಲ್ಲಿಸಿದ. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಮೊದಲೆಲ್ಲ ಡ್ವೇನ್ ಮನೆಯ ದಾರಿಯ ಬಾಯಿಗೆ ಬಂದಾಗ ವರ್ಲಿನ್ ಲಾರಿಯ ಮುಂದಿನ ಹಿಮ ತಳ್ಳುವ ಅಲಗನ್ನು ಎತ್ತಿ ದಾಟುತ್ತಿದ್ದ, ಅಲ್ಲಿ ಹಿಮದ ದಿಬ್ಬ ಬೀಳದಿರಲಿ ಅಂತ. ಈ ಚಳಿಗಾಲ ಒಮ್ಮೆಯೂ ಎತ್ತಿರಲಿಲ್ಲ. ಕಾಲು ಆಪರೇಶನ್ ಆದ ಮನುಷ್ಯ ನಾಲ್ಕು ತಿಂಗಳು ಆ ದಿಬ್ಬವನ್ನು ಸಲಿಕೆಯಿಂದ ಎತ್ತಿ ಹಾಕಿದ್ದ, ತುಟಿ ಪಿಟಕ್ಕೆನ್ನದೆ.

ಮರುದಿನ ಬೆಳಿಗ್ಗೆ ಮತ್ತೆ ಹಿಮ ಬಿದ್ದಿತ್ತು. ಡ್ವೇನ್ ದಾರಿಯ ಬಾಯಿ ಬಂದಾಗ ವರ್ಲಿನ್ ಕೈ ತಾನಾಗಿ ಹಿಡಿಕೆಗೆ ಹೋಯಿತು. ಅಲಗು ಎತ್ತಿ ದಾಟಿದ. ಸಂಜೆ ಕಾಗದದ ತಟ್ಟೆಯಲ್ಲಿ ಬಿಲ್ಲೆ ಜೋಡಿಸಿಕೊಂಡು ನಡೆದು ಹೋಗಿ ಬಾಗಿಲು ತಟ್ಟಿದ.

ಡ್ವೇನ್ ಅವನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಕಾಫಿ ಬೇಕಾ ಅಂದ. ವರ್ಲಿನ್ ಬೇಡ ಅಂದ. ಡ್ವೇನ್ ಎರಡನೇ ಸಲ ಕೇಳಲಿಕ್ಕೆ ಬಾಯಿ ತೆರೆದದ್ದು ಹಾಗೇ ನಿಂತಿತು, ಯಾಕೆಂದರೆ ವರ್ಲಿನ್ ಅವನ ಹೆಗಲ ಮೇಲಿಂದ ಒಳಗೆ ನೋಡುತ್ತಿದ್ದ. ಮೇಜಿನ ನಡುವೆ, ಮಡಿಸಿದ ಟವೆಲಿನ ಮೇಲೆ, ನೀಲಿ ಹೂವಿನ ಬಿಳಿ ಪಾತ್ರೆ.

ವರ್ಲಿನ್ ಕೇಳದೆಯೇ ಒಳಗೆ ನಡೆದ. ಬೂಟನ್ನೂ ಕಳಚಲಿಲ್ಲ. ಪಾತ್ರೆ ಎತ್ತಿದ, ಒಡೆದ ಮೂಲೆಯ ಮೇಲೆ ಹೆಬ್ಬೆರಳು ಇಟ್ಟ. ಆಮೇಲೆ ಅವಳ ಹೆಸರು ನೋಡಲೆಂದು ಮಗುಚಿದ. ಟೇಪು ಹೊಸದು. ಅಕ್ಷರ ಅವಳದೇ, ದುಂಡಗೆ. ಆದರೆ ಬರೆದದ್ದು ‘ಡ್ವೇನ್’ ಅಂತ.

“ಸೆಪ್ಟೆಂಬರಿನಲ್ಲಿ ತಂದ್ಲು,” ಅಂದ ಡ್ವೇನ್. ಅವನು ಬಾಗಿಲ ಹತ್ತಿರವೇ ನಿಂತಿದ್ದ. “ನನ್ನ ಕಾಲು ಆಪರೇಶನ್ ಆದಾಗ, ಹಾಟ್‌ಡಿಶ್ ಮಾಡಿ. ವಾಪಸ್ ಕೊಡೋಕೆ ಬಂದ್ರೆ ಬೇಡ, ಇದು ನಿಂದೇ, ನೋಡು, ಹೆಸರು ಬರೆದಿದೀನಿ ಅಂದ್ಲು. ಹೇಗೆ ಮಾಡೋದು ಅಂತ ಚೀಟೀನೂ ಕೊಟ್ಲು. ನಾನು ಯಾಕೆ ಅಂದೆ. ‘ಮುಂದೆ ಒಂದಿನ ನಮ್ಮನೆಗೆ ತರಬೇಕಾಗುತ್ತೆ, ಆಗ ನಿನ್ನತ್ರ ಪಾತ್ರೆ ಇಲ್ಲ ಅಂತ ಆಗಬಾರದು’ ಅಂದ್ಲು. ನನಗೆ ಆವಾಗ ಅರ್ಥ ಆಗ್ಲಿಲ್ಲ.”

ವರ್ಲಿನ್ ಕುರ್ಚಿ ಎಳೆದು ಕೂತ.

ಉಳಿದದ್ದನ್ನು ಡ್ವೇನ್ ಬಾಗಿಲ ಚೌಕಟ್ಟಿಗೆ ಹೇಳುವಂತೆ ಹೇಳಿದ. ನವೆಂಬರಿನಲ್ಲಿ ಅವನಿಗೆ ಅರ್ಥವಾಗಿತ್ತು. ಚೀಟಿ ನೋಡಿ ಮಾಡಿದ. ಜನ್ಮದಲ್ಲಿ ಮೊದಲ ಸಲ ಓವನ್ ಹಚ್ಚಿದ್ದು, ಮೇಲೆಲ್ಲ ಕಪ್ಪಾಯಿತು. ಆದರೂ ಟವೆಲಿನಲ್ಲಿ ಸುತ್ತಿಕೊಂಡು ಬಯಲಿನಲ್ಲಿ ಅರ್ಧ ದಾರಿ ಬಂದಿದ್ದ. ವರ್ಲಿನ್ ಅಂಗಳದಲ್ಲಿ ಸಾಲಾಗಿ ಕಾರುಗಳು, ಚರ್ಚಿನ ಹೆಂಗಸರು ಒಬ್ಬರ ಹಿಂದೊಬ್ಬರು ಪಾತ್ರೆ ಹಿಡಿದು ಒಳಗೆ ಹೋಗುತ್ತಿದ್ದರು. ಐವತ್ತು ವರ್ಷ ಬೇಯಿಸಿದ ಕೈಗಳು. ಅವರ ನಡುವೆ ಈ ಕರಿಕಲನ್ನು ಇಡುವುದು ಹೇಗೆ ಅಂತ ಹಿಂದಕ್ಕೆ ತಿರುಗಿದ. ನಾಳೆ ಚೆನ್ನಾಗಿ ಮಾಡಿ ಒಯ್ಯೋಣ ಅಂದುಕೊಂಡ. ನಾಳೆ ಹೋಗಿ ವಾರವಾಯಿತು, ತಿಂಗಳಾಯಿತು. ಆಮೇಲೆ ವರ್ಲಿನ್ ಬೆರಳು ಎತ್ತುವುದು ನಿಲ್ಲಿಸಿದ, ನಿಲ್ಲಿಸಿದ್ದು ಸರಿಯೇ ಅಂತ ಡ್ವೇನ್‌ಗೂ ಅನ್ನಿಸಿತು.

“ನವೆಂಬರಿನಲ್ಲಾದ್ರೆ ಸಾವಿನ ಮನೆಗೆ ತಂದಿದ್ದು ಅಂತಿದ್ರು,” ಅಂದ. “ಈಗ ಮಾರ್ಚಿನಲ್ಲಿ ತಂದ್ರೆ ಅದಕ್ಕೆ ಏನಂತಾರೆ?”

ವರ್ಲಿನ್ ಪಾತ್ರೆಯ ತಳವನ್ನೇ ನೋಡುತ್ತಿದ್ದ. ನಾಲ್ಕು ತಿಂಗಳು ನೆಲಮಾಳಿಗೆಯಲ್ಲಿ ಹದಿನೇಳು ಪಾತ್ರೆ ಇಟ್ಟುಕೊಂಡು ತಾನು ಏನಂದುಕೊಳ್ಳುತ್ತಿದ್ದನೋ ಇವನೂ ಇನ್ನೂರು ಗಜ ದೂರದಲ್ಲಿ ಒಂದು ಪಾತ್ರೆ ಇಟ್ಟುಕೊಂಡು ಅದನ್ನೇ ಅಂದುಕೊಳ್ಳುತ್ತಿದ್ದ. ಇಬ್ಬರೂ ಹೀಗೆ ಆಡುತ್ತಾರೆ ಅಂತ ಆ ಹೆಂಗಸಿಗೆ ಮೊದಲೇ ಗೊತ್ತಿತ್ತು, ಸಾಯುವ ಮುಂಚೆ ಎದ್ದು ಬಂದು ಟೇಪು ಬದಲಾಯಿಸಿ ಹೋಗಿದ್ದಳು.

“ಊಟ ಅಂತಾರೆ,” ಅಂದ.

ಡ್ವೇನ್ ಚೌಕಟ್ಟಿನಿಂದ ತಿರುಗಿ ಅವನ ಕಡೆ ನೋಡಿದ.

“ಗುರುವಾರ ಐದೂವರೆಗೆ ತಗೊಂಡ್ ಬಾ. ಕರಿಕಲಾದ್ರೂ ಪರವಾಗಿಲ್ಲ.”

ಪಾತ್ರೆಯನ್ನು ಟವೆಲಿನ ಮೇಲೆ ಮೊದಲಿದ್ದ ಹಾಗೇ ಇಟ್ಟ. ಅದಕ್ಕಾಗಿ ಊರೆಲ್ಲ ಅಲೆದವನು ಬರಿಗೈಯಲ್ಲಿ ಬಾಗಿಲಿಗೆ ಬಂದ. ದಾಟುವಾಗ ಡ್ವೇನ್ ಕಾಫಿ ಬೇಕಾ ಅಂತ ಇನ್ನೊಮ್ಮೆ ಕೇಳಿದ. ಅದು ಎರಡನೇ ಸಲ ಮಾತ್ರ, ಆದರೂ ವರ್ಲಿನ್ ಹೂಂ ಅಂದುಬಿಟ್ಟ.

ಗುರುವಾರ ಐದು ಇಪ್ಪತ್ತಕ್ಕೇ ಡ್ವೇನ್ ಮೆಟ್ಟಿಲ ಮೇಲಿದ್ದ, ತಲೆ ಬಾಚಿಕೊಂಡು, ಎರಡೂ ಕೈಯಲ್ಲಿ ಟವೆಲ್ ಸುತ್ತಿದ ಪಾತ್ರೆ ಹಿಡಿದು. ಉಪ್ಪು ಕಡಿಮೆ ಆಗಿತ್ತು, ಉಂಡೆಗಳು ಒಂದು ಕಡೆ ಬೆಂದು ಇನ್ನೊಂದು ಕಡೆ ಬಿಳಿಚಿಕೊಂಡಿದ್ದವು. ತಳ ಮಾತ್ರ ಹಿಡಿದಿತ್ತು. ವರ್ಲಿನ್ ಚಮಚದಿಂದ ತಳ ಕೆರೆದು ಕೆರೆದು ತಿಂದ. ಡ್ವೇನ್ ನೋಡುತ್ತಿದ್ದು, “ಚೀಟೀಲಿ ಕೊನೇಲಿ ಬರೆದಿದ್ಲು, ‘ಆದ ಮೇಲೆ ಇನ್ನೈದು ನಿಮಿಷ, ಅವನಿಗೋಸ್ಕರ’ ಅಂತ,” ಅಂದ. ವರ್ಲಿನ್ ಎದ್ದು ಹೋಗಿ ಸಿಂಕಿನ ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಸ್ವಲ್ಪ ಹೊತ್ತು ಬೆನ್ನು ತೋರಿಸಿ ನಿಂತ. ನವೆಂಬರಿನಿಂದ ಅವನು ಅತ್ತದ್ದು ಅದೇ ಮೊದಲು. ಡ್ವೇನ್ ತನ್ನ ತಟ್ಟೆ ನೋಡಿಕೊಂಡು ಕೂತಿದ್ದ, ಎದ್ದು ಹೋಗಲಿಲ್ಲ.

ಏಳಕ್ಕೆ ಹೊರಡುವಾಗ ಡ್ವೇನ್ ಪಾತ್ರೆಗೆ ಕೈ ಹಾಕಿದ. ವರ್ಲಿನ್ ಅದನ್ನು ಅವನ ಕೈಯಿಂದ ತೆಗೆದುಕೊಂಡ. “ಇರಲಿ ಬಿಡು. ತೊಳೆದು ಕೊಡ್ತೀನಿ.”

ಅವನು ಹೋದ ಮೇಲೆ ಆರ್ಡಿಸಳ ಫೋನು ಬಂತು. ಇವತ್ತಿನ ಮೂರು ಏನು ಅಂದಳು. ಈಗ ಪುರುಸೊತ್ತಿಲ್ಲ, ನಾಳೆ ಮಾಡು ಅಂದ. ಗುರುವಾರ ಸಂಜೆ ನಿನಗೆ ಏನಪ್ಪಾ ಅಷ್ಟು ಘನಂದಾರಿ ಕೆಲಸ ಅಂತ ಅವಳು ಕೇಳುತ್ತಿದ್ದರೂ ಫೋನಿಟ್ಟ. ತಳದಲ್ಲಿ ಹಿಡಿದದ್ದನ್ನು ಉಜ್ಜಿ ಉಜ್ಜಿ ತೊಳೆದು, ಟೇಪು ನೆನೆಯದ ಹಾಗೆ ಸುತ್ತಲೂ ಒರೆಸಿ, ಪಾತ್ರೆಯನ್ನು ಬಟ್ಟೆಯ ಮೇಲೆ ಬೋರಲು ಇಟ್ಟ. ಮೇಲೆ ಡ್ವೇನ್ ಅಂತ ಅವಳ ಅಕ್ಷರ. ಆಮೇಲೆ ಕಪಾಟಿನಿಂದ ಓಟ್ಸಿನ ಡಬ್ಬಿ ಇಳಿಸಿ, ಬೆಣ್ಣೆ ಮೆತ್ತಗಾಗಲಿ ಎಂದು ಹೊರಗಿಟ್ಟ.